ಕಂಬದ ಬುಡದ ತೇವ

ಠಾಣೆಯ ನೌಪಾಡಾದ ನಮ್ಮ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಒಂದು ಸಾಗುವಾನಿ ಕಂಬವಿದೆ. ಅರ್ಧ ಗೋಡೆಯ ಒಳಗೆ, ಅರ್ಧ ಹೊರಗೆ. ಮಹಡಿಯ ನೆಲವನ್ನು ಹೊತ್ತ ದೊಡ್ಡ ತೊಲೆಯ ಒಂದು ತುದಿ ಅದರ ಮೇಲೆ ಕೂತಿದೆ. ಕಾರ್ಪೊರೇಷನ್ನಿನ ಇಂಜಿನಿಯರು ಮೊದಲ ಸಲ ಬಂದಾಗ ಇಡೀ ಮನೆ ಸುತ್ತಿ ನೋಡಿ, ಕೊನೆಗೆ ಈ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಒಂದು ಸ್ಕ್ರೂಡ್ರೈವರ್ ತೆಗೆದು ಒತ್ತಿದರು. ಬೆಂದ ಗೆಣಸಿನೊಳಗೆ ಹೋದ ಹಾಗೆ ಅದು ಎರಡು ಇಂಚು ಒಳಗೆ ಹೋಯಿತು. ಅವರು ಅದನ್ನು ಬರೆದುಕೊಂಡರು.

ಸ್ವಲ್ಪ ದಿನಕ್ಕೆ ನೋಟಿಸು ಬಂತು. ಕಟ್ಟಡ ಅಪಾಯಕಾರಿ, ಖಾಲಿ ಮಾಡಿ ಕೆಡವತಕ್ಕದ್ದು. ಅಪ್ಪ ಆಕ್ಷೇಪ ಬರೆದು ಕೊಟ್ಟು, ತೊಲೆಯ ಕೆಳಗೆ ಎರಡು ಕಬ್ಬಿಣದ ಆಸರೆಗಂಬ ನಿಲ್ಲಿಸಿ, ಮಳೆಗಾಲ ಮುಗಿಯುವವರೆಗೆ ಸಮಯ ಪಡೆದರು. ಆಮೇಲೆ ಇನ್ನೊಂದು ತಪಾಸಣೆ, ಅದೇ ಕೊನೆಯದು. ಅಷ್ಟರೊಳಗೆ ಕಂಬ ಯಾಕೆ ಕೊಳೆಯುತ್ತಿದೆ ಎಂದು ತೋರಿಸಿ, ಅದನ್ನು ನಿಲ್ಲಿಸಬಹುದು ಎಂದು ತೋರಿಸಿದರೆ ಮನೆ ಉಳಿಯುತ್ತಿತ್ತು. ಇಲ್ಲದಿದ್ದರೆ ಬಿಲ್ಡರನ ಕೈಗೆ.

ಆ ಬೀದಿಯಲ್ಲಿ ಉಳಿದಿದ್ದ ಹಳೆಯ ಮನೆ ಅದೊಂದೇ. ಅಜ್ಜ ಉಡುಪಿ ಕಡೆಯಿಂದ ಬಂದು, ಮುಂದಿನ ಕೋಣೆಯಲ್ಲಿ ಮೆಸ್ ನಡೆಸಿದ್ದರು. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಎಷ್ಟೋ ಮಂದಿ ಮೊದಲ ಊಟ ಮಾಡಿದ್ದು ಅಲ್ಲಿ. ಮಹಡಿಯ ಕೆತ್ತನೆಯ ಕಟಕಟೆಯ ಚಿತ್ರವನ್ನು ಕಾಲೇಜಿನ ವಿದ್ಯಾರ್ಥಿಗಳು ಬಂದು ಕಾಗದದ ಮೇಲೆ ಬರೆದುಕೊಂಡು ಹೋಗುತ್ತಿದ್ದರು. ಮನೆ ನಮ್ಮದಲ್ಲ, ಪಗಡಿಯದು. ಅಂದರೆ ಅಜ್ಜನ ಕಾಲದಲ್ಲಿ ಮಾಲಕರಿಗೆ ಒಂದು ಮೊತ್ತ ಕೊಟ್ಟು, ಅಲ್ಪ ಬಾಡಿಗೆಗೆ ತಲೆತಲಾಂತರ ಇರುವ ಹಕ್ಕು ಪಡೆದದ್ದು. ಮಾಲಕರ ಮೊಮ್ಮಕ್ಕಳು ಪುಣೆಯಲ್ಲಿದ್ದರು. ಅವರು ಜಾಗವನ್ನು ಬಿಲ್ಡರನಿಗೆ ಒಪ್ಪಿಸಿದ್ದರು. ಬಾಡಿಗೆದಾರರು ನಾಲ್ಕು ಮನೆ. ಕೆಳಗೆ ಹಿಂದೆ ನಾವು, ಮುಂದೆ ನಿವೃತ್ತ ಗುಮಾಸ್ತ ದಂಪತಿ. ಮೇಲೆ ಒಂದು ಮನೆಗೆ ಬೀಗ. ಅವರು ಕಾಮೋಠೆಗೆ ಹೋಗಿ ವರ್ಷಗಳಾಗಿದ್ದವು, ಒಪ್ಪಿಗೆ ಪತ್ರಕ್ಕೆ ಮೊದಲು ಸಹಿ ಹಾಕಿದ್ದು ಅವರೇ. ಇನ್ನೊಂದು ಮನೆಯಲ್ಲಿ, ಸರಿಯಾಗಿ ನಮ್ಮ ಅಡುಗೆಕೋಣೆಯ ಮೇಲೆ, ಆಜಿ.

ಆಜಿ ಎಂದರೆ ಮರಾಠಿಯಲ್ಲಿ ಅಜ್ಜಿ. ಅವರು ಮರಾಠಿ ಶಾಲೆಯಲ್ಲಿ ಟೀಚರಾಗಿದ್ದವರು, ಒಂಟಿ. ಅವರ ಮಗಳು ಕಲ್ಯಾಣದಲ್ಲಿದ್ದಳು. ಆಜಿಯ ಮನೆಯ ಕೀಲಿಕೈ ನಾನು ಹುಟ್ಟುವ ಮೊದಲಿನಿಂದ ನಮ್ಮ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಅವರು ಎಲ್ಲಿಗಾದರೂ ಹೋದರೆ ಅವರ ತುಳಸಿಗೆ ನೀರು ಹಾಕುವುದು ನನ್ನ ಕೆಲಸ.

ಆಗ ನಾನು, ಮನೆಯ ಒಬ್ಬಳೇ ಮಗಳು, ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಂಬರನಾಥದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದಿನವಿಡೀ ಮಾದರಿಗಳನ್ನು ಪರೀಕ್ಷಿಸಿ ದಾಖಲಿಸುವ ಕೆಲಸ. ನೋಟಿಸು ಬಂದ ಮರುದಿನವೇ ಕಂಬಕ್ಕೂ ಒಂದು ನೋಟ್‌ಬುಕ್ ಮಾಡಿದೆ. ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಮೊದಲು ಬುಡದಲ್ಲಿ ಕೂತು, ತೇವದ ಗೆರೆ ನೆಲದಿಂದ ಎಷ್ಟು ಬೆರಳು ಎತ್ತರದಲ್ಲಿದೆ ಎಂದು ಪೆನ್ಸಿಲಿನಿಂದ ಗುರುತು ಹಾಕಿ ಬರೆಯುತ್ತಿದ್ದೆ. ಯಾರಿಗೂ ತೋರಿಸುತ್ತಿರಲಿಲ್ಲ.

ಬಿಲ್ಡರನ ಕಡೆಯಿಂದ ಮಾತಾಡಲು ಬರುತ್ತಿದ್ದವನು ನಮ್ಮ ಊರಿನ ಕಡೆಯವನು. ಇದೇ ನನಗೆ ಮೊದಲು ಹಿಡಿಸದೆ ಹೋದದ್ದು. ಆಜಿಯ ಹತ್ತಿರ ಮರಾಠಿಯವನನ್ನು ಕಳಿಸುತ್ತಿದ್ದರು, ನಮ್ಮ ಹತ್ತಿರ ಇವನನ್ನು. ಬಂದವನು ಚಪ್ಪಲಿ ಬಿಡುತ್ತಲೇ ಅಮ್ಮನನ್ನು ಮಾತಾಡಿಸುತ್ತಿದ್ದ.

"ಅಕ್ಕಾ, ಊರಿನ ಮಾತು ಕಿವಿಗೆ ಬಿದ್ರೆ ಅರ್ಧ ಹೊಟ್ಟೆ ತುಂಬ್ತದೆ ನೋಡಿ."

"ಇನ್ನರ್ಧಕ್ಕೆ ದೋಸೆ ಉಂಟು, ಕೂತ್ಕೊಳ್ಳಿ," ಎಂದು ಅಮ್ಮ.

ಅವನು ನೀರುದೋಸೆ ತಿನ್ನುತ್ತ ಹೊಸ ಕಟ್ಟಡದ ಚಿತ್ರ ಬಿಡಿಸಿಟ್ಟ. "ಲಿಫ್ಟ್ ಬರ್ತದೆ, ಪಾರ್ಕಿಂಗ್ ಬರ್ತದೆ. ನೀವು ಒಂದು ಸೈನ್ ಹಾಕಿದ್ರೆ ಸಾಕು, ಅಣ್ಣಾ."

"ನಾವು ಇರುದು ನೆಲದ ಮೇಲೆ ಮಾರಾಯ. ಲಿಫ್ಟ್ ಹತ್ತಿ ಎಲ್ಲಿಗೆ ಹೋಗ್ಲಿಕ್ಕೆ?" ಎಂದರು ಅಪ್ಪ.

ಅವನು ನಕ್ಕ. ಕೈ ತೊಳೆದು ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತ, ನೆನಪಾದವನಂತೆ ಹೇಳಿದ. "ಮೇಲಿನ ಆಜಿ ಹಾಕಿಯೂ ಆಯ್ತಲ್ಲ. ಓ, ನಿಮ್ಮ ಹತ್ರ ಹೇಳ್ಲಿಲ್ವಾ? ಹಾಗಾದ್ರೆ ನಾನು ಹೇಳ್ಬಾರ್ದಿತ್ತು. ಬಿಡಿ."

ಅಪ್ಪ ಅದನ್ನು ನಂಬಲಿಲ್ಲ. "ಅವ ಹೊಟ್ಟೆಪಾಡಿಗೆ ಹೇಳುದು," ಎಂದು ಅಲ್ಲಿಗೆ ಬಿಟ್ಟರು. ನಾನು ಬಿಡಲಿಲ್ಲ. ಅಂದಿನಿಂದ ಮೇಲೆ ಆಜಿಯ ಮೋರಿಯಲ್ಲಿ, ಅಂದರೆ ಅವರ ಸ್ನಾನದ, ಪಾತ್ರೆ ತೊಳೆಯುವ ಮೂಲೆಯಲ್ಲಿ, ನೀರಿನ ಸದ್ದಾದಾಗಲೆಲ್ಲ ನನ್ನ ಕಿವಿ ನಿಮಿರುತ್ತಿತ್ತು. ಆ ಮೋರಿಯ ಪೈಪು ಇಳಿಯುವುದು ನಮ್ಮ ಕಂಬದ ಹಿಂದಿನ ಗೋಡೆಯಲ್ಲೇ. ಸಹಿ ಹಾಕಿದವರಿಗೆ ಮನೆ ಬೇಗ ಬಿದ್ದಷ್ಟೂ ಒಳ್ಳೆಯದಲ್ಲವೇ? ಒಡೆದ ಪೈಪನ್ನು ಒಡೆದ ಹಾಗೆಯೇ ಬಿಟ್ಟು, ದಿನವೂ ನೀರು ಬಿಟ್ಟರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ಇಂಥ ಯೋಚನೆ ನನಗೆ ಎಷ್ಟು ಸಲೀಸಾಗಿ ಬಂತು ಎಂದು ಈಗ ಆಶ್ಚರ್ಯವಾಗುತ್ತದೆ. ಆಗ ಆಗಿರಲಿಲ್ಲ.

ಪುರಾವೆಯೂ ಸಿಕ್ಕಿತು ಅಂದುಕೊಂಡೆ. ಮೇ ತಿಂಗಳಲ್ಲಿ ಸೋದರತ್ತೆಯ ಮಗಳ ಮದುವೆಗೆ ನಾವು ಮೂವರೂ ಹತ್ತು ದಿನ ಊರಿಗೆ ಹೋಗಿದ್ದೆವು. ವಾಪಸು ಬಂದು ಬುಡ ನೋಡಿದರೆ ತೇವದ ಗೆರೆ ಮೂರು ಬೆರಳು ಇಳಿದಿತ್ತು. ಗಾರೆ ಒಣಗಿ ಬೆಳ್ಳಗಾಗಿತ್ತು. ಮುಂದಿನ ಮನೆಯವರನ್ನು ಕೇಳಿದೆ. ಆಜಿಯೂ ಅದೇ ದಿನಗಳಲ್ಲಿ ಕಲ್ಯಾಣಕ್ಕೆ ಮಗಳ ಮನೆಗೆ ಹೋಗಿದ್ದರಂತೆ, ಹಿಂದಿನ ದಿನವಷ್ಟೇ ಬಂದರಂತೆ. ನೋಟ್‌ಬುಕ್ಕಿನಲ್ಲಿ ಬರೆದೆ: "ಆಜಿ ಇಲ್ಲ. ತೇವ ಇಲ್ಲ." ಕೆಳಗೆ ಎರಡು ಗೆರೆ ಎಳೆದೆ. ಒಂದು ವಾರದಲ್ಲಿ ತೇವ ಮತ್ತೆ ಮೊದಲಿನ ಎತ್ತರಕ್ಕೆ ಏರಿತು. ಮಳೆ ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಹೆಂಚನ್ನು ದೂರುವಂತಿರಲಿಲ್ಲ.

ಅಪ್ಪ ಆ ಮೂಲೆಗೆ ಹೊಸ ಸುಣ್ಣ ಬಳಿದರು. ಇಂಜಿನಿಯರು ಬಂದಾಗ ಚೊಕ್ಕ ಕಾಣಬೇಕಂತೆ.

ಅಪ್ಪನ ಚೊಕ್ಕತನದ ಬಗ್ಗೆ ಹೇಳಬೇಕು. ಅವರು ಮೂವತ್ತು ವರ್ಷ ಹೋಟೆಲ್ಲಿನ ಅಡುಗೆಮನೆಯಲ್ಲಿದ್ದವರು, ಮೊದಲು ಡೊಂಬಿವಲಿಯಲ್ಲಿ, ಆಮೇಲೆ ಠಾಣೆ ಸ್ಟೇಷನ್ನಿನ ಹತ್ತಿರ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹೋಟೆಲ್ಲಿನಲ್ಲಿ ನೆಲಕ್ಕೆ ಬಾಲ್ದಿಗಟ್ಟಲೆ ನೀರು ಬಿಟ್ಟು, ಹಿಡಿಸೂಡಿಯಿಂದ ತಳ್ಳಿ ತೊಳೆಯುತ್ತಾರೆ. ನಿವೃತ್ತಿಯಾದ ಮೇಲೂ ಅಪ್ಪ ಮನೆಯಲ್ಲಿ ಅದೇ ಪಾಠ ಮುಂದುವರಿಸಿದರು. ದಿನಕ್ಕೆ ಎರಡು ಬಾಲ್ದಿ. ಅಮ್ಮ ಬಟ್ಟೆಯಲ್ಲಿ ಒರೆಸುತ್ತೇನೆ ಎಂದರೆ, "ಒರೆಸಿದ್ರೆ ಕೊಳೆ ಜಾಗ ಬದಲಿಸ್ತದೆ, ಅಷ್ಟೆ. ನೀರು ಬಿಡ್ಬೇಕು," ಎನ್ನುತ್ತಿದ್ದರು. ಅಡುಗೆಮನೆಗೆ ಬಂದವರು ನಮ್ಮ ನೆಲ ನೋಡಿ ಹೊಗಳುತ್ತಿದ್ದರು. ನನಗೂ ಅದು ಹೆಮ್ಮೆಯ ವಿಷಯವೇ ಆಗಿತ್ತು.

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಆಜಿ ಭಜನೆಗೆ ಹೋಗಿದ್ದರು. ಅಮ್ಮ ಮಲಗಿದ್ದಳು. ನಾನು ಮೊಳೆಯಿಂದ ಕೀಲಿಕೈ ತೆಗೆದುಕೊಂಡು ಮೇಲೆ ಹೋದೆ. ಕೈಯಲ್ಲಿ ಒಂದು ಚೊಂಬು ಗಟ್ಟಿ ಅರಿಶಿನದ ನೀರು. ಪೈಪು ಸೋರುತ್ತಿದ್ದರೆ ಅರಿಶಿನ ನಮ್ಮ ಗೋಡೆಗೆ ಬರಲೇಬೇಕು, ಹೊಸ ಸುಣ್ಣ ತಾಗಿ ಕೆಂಪಾಗಲೇಬೇಕು. ಆರತಿಗೆ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಮಾಡುವುದನ್ನು ನೋಡಿದ ಯಾರಿಗಾದರೂ ಇದು ಗೊತ್ತು. ಇದಕ್ಕೆ ಎಂ.ಎಸ್ಸಿ. ಬೇಡ. ಮೋರಿಯ ತೂತಿಗೆ ಅರಿಶಿನ ಹೊಯ್ದು, ಮೇಲಿಂದ ನಾಲ್ಕು ಚೊಂಬು ನೀರು ಹಾಕಿದೆ. ಹೊರಡುವಾಗ ಅಭ್ಯಾಸಬಲದಿಂದ ತುಳಸಿಗೂ ಒಂದಿಷ್ಟು ಹಾಕಿದೆ.

ಕೆಳಗೆ ಬಂದು ಕಂಬದ ಮುಂದೆ ಕೂತೆ. ಒಂದು ಗಂಟೆಯಾಯಿತು, ಎರಡಾಯಿತು. ಗೋಡೆ ಬಿಳಿಯಾಗಿಯೇ ಇತ್ತು.

ಸಂಜೆ ಆಜಿ ಕೆಳಗಿಳಿದು ಬಂದರು. ಅವರು ಮಾತಾಡಿದ್ದು ಮರಾಠಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಾಗಿಲಲ್ಲೇ ನಿಂತು ಅಮ್ಮನನ್ನು ಕೇಳಿದರು. "ನನ್ನ ಮೋರಿಯಲ್ಲಿ ಯಾರ ಹಳದಿ ಶಾಸ್ತ್ರ ನಡೆಯಿತು ಇವತ್ತು? ಮದುಮಗಳು ಯಾರು?"

ಅಮ್ಮನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದಳು. ನನ್ನ ಉಗುರುಗಳು ಹಳದಿಯಾಗಿದ್ದವು.

"ಪೈಪು ಸೋರುತ್ತದಾ ಅಂತ ನೋಡಿದೆ, ಆಜಿ," ಎಂದೆ.

"ಕೇಳಿದ್ದರೆ ನಾನೇ ಹೊಯ್ಯುತ್ತಿದ್ದೆನಲ್ಲ. ಕೇಳಲಿಲ್ಲ ಯಾಕೆ?"

ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಷ್ಟೋ ವರ್ಷ ಮಕ್ಕಳ ಸುಳ್ಳು ಹಿಡಿದ ಟೀಚರು.

"ನಾನು ಸಹಿ ಹಾಕಿದೆ ಅಂತ ಹೇಳಿದನಾ ಅವನು?"

ಅಮ್ಮ ಗಡಿಬಿಡಿಯಲ್ಲಿ, "ಇಲ್ಲ ಇಲ್ಲ, ಹಾಗೇನಿಲ್ಲ," ಎಂದಳು.

"ನನಗೂ ಒಬ್ಬ ಹೇಳಿದ್ದಾನೆ, ಕೆಳಗಿನವರು ಹಾಕಿಬಿಟ್ಟರು ಅಂತ. ನಾನು ಕೆಳಗಿಳಿದು ನಿಮ್ಮ ಮೋರಿ ನೋಡಲು ಬರಲಿಲ್ಲ." ಆಜಿ ಕೈ ಚಾಚಿ ಮೊಳೆಯಿಂದ ತಮ್ಮ ಕೀಲಿಕೈ ತೆಗೆದುಕೊಂಡರು. ಪ್ರತಿ ಮಾತಿಗೂ ನನ್ನನ್ನು 'ಬಾಳ', ಅಂದರೆ ಮಗು, ಎಂದು ಕರೆಯುತ್ತಿದ್ದವರು ಅವತ್ತು ಒಮ್ಮೆಯೂ ಹಾಗೆ ಕರೆದಿರಲಿಲ್ಲ ಎಂಬುದು ಅವರು ಮೆಟ್ಟಿಲು ಹತ್ತಿದ ಮೇಲೆ ಗಮನಕ್ಕೆ ಬಂತು.

ಅಷ್ಟಾದರೂ ನನ್ನ ಸಂಶಯ ಹೋಗಲಿಲ್ಲ. ಇದನ್ನು ಮುಚ್ಚಿಡದೆ ಬರೆಯಬೇಕು. ಅವರು ಕೀಲಿಕೈ ಒಯ್ದದ್ದೇ ಒಂದು ಪುರಾವೆಯಂತೆ ಕಂಡಿತು. ಮುಚ್ಚಿಡಲು ಏನೂ ಇಲ್ಲದಿದ್ದರೆ ಯಾಕೆ ಒಯ್ಯಬೇಕು? ಪೈಪು ದಿನವೂ ಸೋರದೆ, ನೀರಿನ ಒತ್ತಡ ಹೆಚ್ಚಾದಾಗ ಮಾತ್ರ ಸೋರಬಹುದು ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ತೇವಕ್ಕೆ ಮೇಲ್ಮನೆಯ ಪೈಪೇ ಕಾರಣ ಎಂದು ಕಾರ್ಪೊರೇಷನ್ನಿಗೆ ಒಂದು ಪತ್ರದ ಕರಡನ್ನೂ ಮಾಡಿ ಬ್ಯಾಗಿನಲ್ಲಿಟ್ಟುಕೊಂಡೆ. ಕೊಡಲು ಇನ್ನೊಂದು ಪುರಾವೆಗಾಗಿ ಕಾಯುತ್ತಿದ್ದೆ.

ಅದು ನಾಗರಪಂಚಮಿಯ ದಿನ ಬಂತು. ಅಮ್ಮ ಅರಿಶಿನ ಎಲೆಯ ಕಡುಬು ಮಾಡುವ ಸಂಭ್ರಮದಲ್ಲಿ ಕಪಾಟಿನ ಮೇಲಿಂದ ಅರಿಶಿನ ಪುಡಿಯ ಡಬ್ಬ ಬೀಳಿಸಿದಳು. ನೆಲವಿಡೀ ಹಳದಿ.

"ನೀನು ಆಚೆ ಸರಿ," ಎಂದು ಅಪ್ಪ ಬಾಲ್ದಿ ತಂದರು. ಅವತ್ತು ನಾಲ್ಕು ಬಾಲ್ದಿ ಬಿಟ್ಟರು. ನಾನು ಕಡುಬು ತಿಂದು ಕೆಲಸಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಪೆನ್ಸಿಲ್ ಹಿಡಿದು ಕಂಬದ ಬುಡದಲ್ಲಿ ಕೂತವಳು ಹಾಗೆಯೇ ಕೂತಿದ್ದೆ. ಹೊಸ ಸುಣ್ಣದ ಮೇಲೆ, ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ, ಕೆಂಪು ಪಟ್ಟಿ. ಆರತಿಯ ನೀರಿನದೇ ಬಣ್ಣ. ಕಂಬದ ಎರಡೂ ಪಕ್ಕದಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ.

ನೋಟ್‌ಬುಕ್ಕಿನ ಮೇ ತಿಂಗಳ ಪುಟ ತೆರೆದೆ. "ಆಜಿ ಇಲ್ಲ. ತೇವ ಇಲ್ಲ." ಆ ಹತ್ತು ದಿನ ನಾವೂ ಇರಲಿಲ್ಲ. ಅದನ್ನು ನಾನು ಬರೆದೇ ಇರಲಿಲ್ಲ.

ಅವತ್ತು ಲೋಕಲ್ ತಪ್ಪಿಸಿಕೊಂಡೆ. ಅಪ್ಪ ಕಾಫಿ ಕುಡಿದು ಮುಗಿಸುವವರೆಗೆ ಕಾದು, "ಅಪ್ಪ, ಒಂದು ಬಾಲ್ದಿ ನೀರು ಬಿಡಿ. ದಿನಾ ಬಿಟ್ಟ ಹಾಗೇ," ಎಂದೆ.

"ಬೆಳಿಗ್ಗೆ ಎಂತಕ್ಕೆ?"

"ನೋಡ್ಬೇಕು."

ಅಪ್ಪ ನೀರು ಬಿಟ್ಟು, ಹಿಡಿಸೂಡಿಯಿಂದ ಎದುರು ಮೂಲೆಯ ತೂತಿನ ಕಡೆಗೆ ತಳ್ಳಿದರು. ನೀರು ಸರಸರನೆ ಹೋಯಿತು. ಅಪ್ಪ ತೃಪ್ತಿಯಿಂದ ಬಾಲ್ದಿ ಎತ್ತಿಕೊಂಡು ತಿರುಗಿದರು. ಪ್ರತಿದಿನ ಅವರು ತಿರುಗುವುದು ಅಲ್ಲೇ.

"ತಿರುಗ್ಬೇಡಿ. ನೆಲ ನೋಡಿ," ಎಂದೆ.

ತಳ್ಳುವ ಕೈ ನಿಂತ ಮೇಲೆ, ಉಳಿದಿದ್ದ ತೆಳು ನೀರು ತೂತಿನ ಕಡೆಯಿಂದ ನಿಧಾನಕ್ಕೆ ಹಿಂದೆ ಬರತೊಡಗಿತು. ಅವಸರವಿಲ್ಲದೆ ಕಂಬದ ಬುಡಕ್ಕೆ ಬಂದು, ಟೈಲ್ಸ್ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಇಳಿದುಹೋಯಿತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಹಳೆಯ ಕಲ್ಲು ಹಾಸಿನ ಮೇಲೆ ಈ ಟೈಲ್ಸ್ ಹಾಕಿಸಿದ್ದು. ಕಲ್ಲಿಗೆ ಇದ್ದ ಇಳಿಜಾರು ಟೈಲ್ಸಿನಲ್ಲಿ ತಿರುಗಿಬಿಟ್ಟಿತ್ತು.

ಅಪ್ಪ ಬಗ್ಗಿ ಆ ಸಂದಿಗೆ ಬೆರಳಿಟ್ಟು ನೋಡಿದರು. ಆಮೇಲೆ, "ಟೈಲ್ಸ್ ಹಾಕಿದವ ಕಳ್ಳ," ಎಂದರು. "ಅವನಿಗೂ ಬಿಲ್ಡರ್‌ಗೂ ಒಳಗಿಂದೊಳಗೆ ಇದ್ದಿರ್ಬೇಕು."

"ಆಗ ಈ ಬಿಲ್ಡರ್ ಚಡ್ಡಿ ಹಾಕಿ ಶಾಲೆಗೆ ಹೋಗ್ತಿದ್ದಿರ್ಬೇಕು," ಎಂದಳು ಅಮ್ಮ. "ಅಪ್ಪನಿಗೂ ಮಗಳಿಗೂ ಮನೆಯ ಹೊರಗಿನವರೇ ಬೇಕು, ಬೈಲಿಕ್ಕೆ."

ಅಪ್ಪ ಹಿಡಿಸೂಡಿಯನ್ನು ಬಾಗಿಲ ಹಿಂದೆ ಇಟ್ಟರು. ಆ ಮಧ್ಯಾಹ್ನ ಮೊದಲ ಸಲ ಅವರು ಮೊಣಕಾಲೂರಿ, ಹಿಂಡಿದ ಬಟ್ಟೆಯಿಂದ ನೆಲ ಒರೆಸಿದರಂತೆ. ಅಮ್ಮ ತಾನು ಒರೆಸುತ್ತೇನೆ ಎಂದರೂ ಬಿಡಲಿಲ್ಲವಂತೆ.

ಒಂದು ತಿಂಗಳಲ್ಲಿ ಗೋಡೆ ಒಣಗಿತು, ಹೊರಗೆ ಮಳೆ ಸುರಿಯುತ್ತಿದ್ದಾಗಲೇ. ಮರದ ಕೆಲಸ ಬಲ್ಲ ಒಬ್ಬ ಹಳೆಯ ಬಡಗಿ ಬಂದು ಕಂಬವನ್ನು ಬಡಿದು ನೋಡಿ, ಕೊಳೆತದ್ದು ಬುಡದ ಒಂದು ಮೊಳ ಮಾತ್ರ, ಮೇಲೆಲ್ಲ ಕಬ್ಬಿಣದ ಹಾಗಿದೆ ಎಂದ. ತೊಲೆಗೆ ಜಾಕ್ ಕೊಟ್ಟು, ಕೊಳೆತ ಭಾಗ ಕೊಯ್ದು, ಕೆಳಗೆ ಕಲ್ಲು ಕೂರಿಸಿ ಅದರ ಮೇಲೆ ಹೊಸ ಸಾಗುವಾನಿ ತುಂಡು ಸೇರಿಸಬಹುದು. ಆದರೆ ದುರಸ್ತಿಗೆ ಕಾರ್ಪೊರೇಷನ್ನಿನ ಅನುಮತಿ ಬೇಕು, ಅರ್ಜಿಯಲ್ಲಿ ಮನೆಯಲ್ಲಿ ವಾಸವಿರುವ ಎಲ್ಲ ಬಾಡಿಗೆದಾರರ ಸಹಿ ಬೇಕು. ಮುಂದಿನ ಮನೆಯವರು ಹಾಕಿದರು. ಉಳಿದದ್ದು ಆಜಿಯದು. ಅವರು ಇಲ್ಲ ಎಂದರೆ ಬಿಲ್ಡರನ ಮನುಷ್ಯ ಇನ್ನೊಮ್ಮೆ ದೋಸೆ ತಿನ್ನಲು ಬರುವ ಅಗತ್ಯವೂ ಇರಲಿಲ್ಲ.

ಅರ್ಜಿಯನ್ನು ಮರಾಠಿಯಲ್ಲಿ ನಾನೇ ಬರೆದಿದ್ದೆ. ಬ್ಯಾಗಿನಲ್ಲಿದ್ದ ಹಳೆಯ ಕರಡನ್ನು ಹರಿದು ಹಾಕಿ ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಆದರೂ ಹೊರಗೆ ನಿಂತು ಕದ ತಟ್ಟಿದೆ. ಹಿಂದೆ ಯಾವತ್ತೂ ತಟ್ಟಿದ್ದಿಲ್ಲ.

ಆಜಿ ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ಓದುವವರಂತೆ ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ತೇವದ ಕಾರಣ ಎಂಬಲ್ಲಿ ಬೆರಳು ನಿಂತಿತು. ಕೆಳಗಿನ ಹಿಂದಿನ ಮನೆಯವರು ದಿನವೂ ಅಡುಗೆಕೋಣೆಯ ನೆಲ ತೊಳೆಯುತ್ತಿದ್ದ ನೀರು ಎಂದು ಅಲ್ಲಿ ಬರೆದಿತ್ತು.

"ಇದನ್ನು ನೀನೇ ಬರೆದೆಯಾ?"

"ಹೌದು."

"ಅಪ್ಪ ಓದಿದ್ದಾರಾ?"

"ಅವರೇ ಮೊದಲು ಸಹಿ ಹಾಕಿದ್ದು, ನೋಡಿ." ಎಂದು ಆ ಸಹಿ ತೋರಿಸಿದೆ. "ಆಜಿ, ಅವತ್ತು ನಾನು ಕೇಳಿ ಬರಬೇಕಿತ್ತು. ನಿಮ್ಮ ಮೇಲೆ ಸಂಶಯಪಟ್ಟೆ. ತಪ್ಪಾಯಿತು."

ಆಜಿ ಪೆನ್ನು ತೆಗೆದುಕೊಂಡು ಸಹಿ ಹಾಕಿದರು, ಮಕ್ಕಳ ಪ್ರಗತಿಪತ್ರಕ್ಕೆ ಹಾಕುತ್ತಿದ್ದಿರಬಹುದಾದ ದುಂಡು ಅಕ್ಷರದಲ್ಲಿ. "ಮನೆ ನನ್ನದೂ ಹೌದು," ಎಂದರು. ಕಾಗದ ವಾಪಸು ಕೊಡುತ್ತ, ದನಿ ಏರಿಸದೆ ಸೇರಿಸಿದರು. "ಕೀಲಿಕೈ ಮುಂದಿನ ಮನೆಯವರ ಹತ್ತಿರ ಕೊಟ್ಟಿದ್ದೇನೆ. ಅಲ್ಲೇ ಇರಲಿ."

ಅನುಮತಿ ಸಿಕ್ಕಿ, ಬಡಗಿ ಕಂಬದ ಕೆಲಸ ಮುಗಿಸಿದ. ದಸರಾ ಕಳೆದು ಇಂಜಿನಿಯರು ಬಂದರು. ಅದೇ ಸ್ಕ್ರೂಡ್ರೈವರ್ ತೆಗೆದು ಹೊಸ ಬುಡಕ್ಕೆ ಒತ್ತಿದರು. ಅದು ಒಳಗೆ ಹೋಗಲಿಲ್ಲ. ಹಳೆಯ ಮರಕ್ಕೂ ಅಲ್ಲಲ್ಲಿ ಒತ್ತಿದರು, ಬಗ್ಗಿ ಗೋಡೆಗೆ ಅಂಗೈ ಇಟ್ಟು ನೋಡಿದರು. ಹೊಸ ಪತ್ರದಲ್ಲಿ ಕೆಡವುವ ಮಾತಿರಲಿಲ್ಲ. ಖಾಲಿ ಮಾಡದೆ ದುರಸ್ತಿ ಮಾಡಿಕೊಂಡು ಇರಬಹುದು ಎಂದಿತ್ತು. ನಮ್ಮ ಊರಿನ ಕಡೆಯವನು ಕೊನೆಯ ಸಲ ಬಂದು, "ಅಕ್ಕಾ, ದೋಸೆ ಉಂಟಾ?" ಎಂದ. "ಹಿಟ್ಟು ಮುಗಿದಿದೆ," ಎಂದಳು ಅಮ್ಮ, ಹಿಟ್ಟಿನ ಪಾತ್ರೆಯ ಮುಂದೆಯೇ ನಿಂತು.

ಆಜಿ ಈಗಲೂ ವರ್ಷಕ್ಕೊಮ್ಮೆ ಕಲ್ಯಾಣಕ್ಕೆ ಹೋಗುತ್ತಾರೆ. ಹಬ್ಬಕ್ಕೆ ಅಮ್ಮನ ಕಡುಬು ಮೇಲೆ ಹೋಗುತ್ತದೆ, ಅವರ ಪೂರಣಪೋಳಿ ಕೆಳಗೆ ಬರುತ್ತದೆ. ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಅವರಿಲ್ಲದ ದಿನಗಳಲ್ಲಿ ಮುಂದಿನ ಮನೆಯವರು ಮೆಟ್ಟಿಲು ಹತ್ತಿ ತುಳಸಿಗೆ ನೀರು ಹಾಕುವುದು ಕೇಳಿಸುತ್ತದೆ. ಮೇಲೆ ನೀರಿನ ಸದ್ದಾದ ಕೂಡಲೇ ನನ್ನ ಕಣ್ಣು ತಾನಾಗಿ ಕಂಬದ ಬುಡಕ್ಕೆ ಹೋಗುತ್ತದೆ. ಅಲ್ಲಿ ಒಣಗಿದೆ. ಎದ್ದು ಹೋಗಿ ಒಮ್ಮೆ ಅಂಗೈ ಇಟ್ಟು ನೋಡಿ ಬರುತ್ತೇನೆ.